ಸಹಾಯ ಬೇಕು: ನಿಮ್ಮ ಮನೆಯ ಮೂರು ತಲೆಮಾರಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯಲ್ಲಿ ಪಿಯುಸಿ ಮಕ್ಕಳಿಗೆ ಭೂಗೋಳ ಪಾಠ ಮಾಡ್ತೀನಿ. ಜನಸಂಖ್ಯಾ ಪರಿವರ್ತನೆ ಅಂದಾಗಲೆಲ್ಲ ಬೋರ್ಡ್ ಮೇಲೆ ಎರಡು ಗೆರೆ ಎಳೀತೀನಿ: ಮೊದಲು ಇಳಿಯೋ ಮರಣ ಪ್ರಮಾಣ, ತಡವಾಗಿ ಇಳಿಯೋ ಜನನ ಪ್ರಮಾಣ. ನಡುವಿನ ಆ ಅಂತರದಲ್ಲೇ ಜನಸಂಖ್ಯೆ ಏರೋದು. ಮಕ್ಕಳು ಬರ್ಕೋತಾರೆ, ಆದರೆ ಆ ಗೆರೆಗಳಲ್ಲಿ ಅವರಿಗೆ ಮನುಷ್ಯರು ಕಾಣಲ್ಲ.

ಹೋದ ವಾರ ನಮ್ಮಜ್ಜಿಯನ್ನ ಕೇಳಿದೆ. ಬೆರಳು ಮಡಿಸ್ತಾ ಎಣಿಸಿದರು. ಒಂಬತ್ತು ಹೆರಿಗೆ, ಉಳಿದದ್ದು ಐದು. ಸಿಡುಬಿಗೆ ಹೋದ ಮಗುವಿನ ಸರದಿ ಬಂದಾಗ ಬೆರಳು ಹಾಗೇ ನಿಂತುಬಿಡ್ತು. ಅಮ್ಮನಿಗೆ ನಾವು ಮೂವರು, ನನಗೆ ಒಬ್ಬಳೇ ಮಗಳು.

1876–78ರ ಬರ ಕಂಡ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ಕ್ಕೆ 42 ಲಕ್ಷ ಆಗಿತ್ತು. ಅದೇ ಸಂಸ್ಥಾನ 1930ರಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿ ಉಳಿಯೋಕೆ ಬೇಕಾದದ್ದು 2.1.

ದಯವಿಟ್ಟು ನಿಮ್ಮ ಅಜ್ಜಿ, ಅಮ್ಮ, ನಿಮ್ಮ ತಲೆಮಾರು, ಮೂವರದ್ದೂ ಕಾಮೆಂಟಲ್ಲಿ ಬರೀರಿ: ಹುಟ್ಟಿದ್ದು ಎಷ್ಟು, ಬದುಕಿದ್ದು ಎಷ್ಟು, ಹೆರಿಗೆ ಮನೇಲೋ ಆಸ್ಪತ್ರೇಲೋ, ಅಂದಾಜು ಇಸವಿ, ಜಿಲ್ಲೆ. ಹೆಸರು ಬೇಡ. ಕಲಬುರಗಿ, ಯಾದಗಿರಿ, ಕರಾವಳಿ ಕಡೆಯವರು ಖಂಡಿತ ಬರೀರಿ, ನನ್ನ ಹತ್ತಿರ ಇರೋದೆಲ್ಲ ಮಂಡ್ಯದ್ದೇ. ಹಿರಿಯರನ್ನ ಕೇಳುವಾಗ ಅವಸರ ಮಾಡಬೇಡಿ, ಹೇಳೋಕೆ ಮನಸ್ಸಿಲ್ಲದಿದ್ರೆ ಬಿಟ್ಟುಬಿಡಿ. ಮುಂದಿನ ಸೋಮವಾರ ತರಗತಿ ಇದೆ.