ಅಪ್‌ಡೇಟ್: ನಮ್ಮ ಚರ್ಚಿನ ವಿಬಿಎಸ್ ಒಂದು ಹದಕ್ಕೆ ಬಂತು

ರಜೆಯ ಬೈಬಲ್ ಶಾಲೆಗೆ (ವಿಬಿಎಸ್) ಬರುವ 4ರಿಂದ 14 ವರ್ಷದ ಮಕ್ಕಳನ್ನು ಹುಬ್ಬಳ್ಳಿ ಬಿಸಿಲಲ್ಲಿ, ಒಂದೇ ಹಾಲ್‌ನಲ್ಲಿ ಹೇಗೆ ಸಂಭಾಳಿಸೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಈಸ್ಟರ್ ಮುಗಿದ ಮೇಲೆ, ಏಪ್ರಿಲ್‌ನಲ್ಲೇ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ 8ರಿಂದ 11. ಮೇ ಬಂದರೆ ಮಕ್ಕಳು ಅಜ್ಜಿ ಊರಿಗೆ ಹೋಗಿಬಿಡುತ್ತಾರೆ, ಮದುವೆಗಳೂ ಜಾಸ್ತಿ. ಅಯ್ಯನವರೂ (ನಮ್ಮ ಚರ್ಚಿನ ಪಾದ್ರಿ) ಒಪ್ಪಿದರು.

ವಯಸ್ಸಿನ ಪ್ರಕಾರ ಗುಂಪು ಮಾಡಿ, ಆದರೆ ಕಥೆ ಮಾತ್ರ ಎಲ್ಲರಿಗೂ ಒಟ್ಟಿಗೆ ಇರಲಿ ಅಂದಿದ್ದರಲ್ವಾ ಒಬ್ಬರು? ಅದು ನಿಜಕ್ಕೂ ಕೆಲಸ ಮಾಡಿತು. ಸಂಡೇ ಸ್ಕೂಲ್‌ನಲ್ಲಿ ಬೈಬಲಿನ ಲೂಕ 19ರಲ್ಲಿ ಬರುವ, ಜನರ ಗುಂಪಿನಲ್ಲಿ ಯೇಸುವನ್ನು ನೋಡೋಕೆ ಮರ ಹತ್ತಿದ ಜಕ್ಕಾಯನ ಕಥೆ ಆಡಿಸಿ ನೋಡಿದೆವು. ದೊಡ್ಡ ಮಕ್ಕಳು ಒತ್ತೊತ್ತಾಗಿ ನಿಂತು ಗುಂಪಾದರು. ಹಿಂದಿದ್ದ ಪುಟ್ಟ ಹುಡುಗಿಗೆ ಏನೂ ಕಾಣಿಸಲಿಲ್ಲ. ಬೆಂಚ್ ಹತ್ತಿ, "ಈಗ ಕಾಣ್ತು!" ಅಂತ ಕೂಗಿದಳು. ಕುಳ್ಳ ಜಕ್ಕಾಯ ಮರ ಯಾಕೆ ಹತ್ತಿದ ಅಂತ ಆಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ. ಓದೋಕೆ ಬಾರದ ಮಕ್ಕಳಿಗೆ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಗೊತ್ತಿಲ್ಲ.

ಕ್ರಾಫ್ಟ್‌ಗೆ ಹಳೇ ಮದುವೆ ಕಾರ್ಡ್, ಗೋಂದು ಸಾಕು. ತಿನ್ನೋಕೆ ಚುರಮುರಿ, ಬಾಳೆಹಣ್ಣು. ಕುಡಿಯೋಕೆ ಮಜ್ಜಿಗೆ. ಬಾಟಲಿ ಜ್ಯೂಸ್ ಬೇಡ ಅಂತ ತಾಯಂದಿರೇ ಹೇಳಿದರು, ನನಗೂ ಅದೇ ಸರಿ ಅನ್ನಿಸಿತು.

ಇನ್ನೊಂದು ವಿಷಯ ಬಾಕಿ ಇದೆ. 13–14ರ ಮಕ್ಕಳನ್ನು ಸುಮ್ನೆ ಕೂರಿಸೋ ಬದಲು ಚಿಕ್ಕವರ ಗುಂಪಿಗೆ ಸಹಾಯಕರಾಗಿ ಹಾಕಬೇಕು ಅಂದುಕೊಂಡಿದ್ದೇವೆ. ಹಾಗೆ ಮಾಡಿದವರು ಇದ್ದರೆ, ಅವರಿಗೆ ಮೊದಲು ಏನು ಕಲಿಸಿದಿರಿ ಅಂತ ಹೇಳಿ.