ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ (ಪುತ್ತೂರಿನಿಂದ):
ನಮಸ್ಕಾರ. ನಮ್ಮದು ಹಳೇ ಡೆಸ್ಕ್‌ಟಾಪ್. ಐ3 4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗುಡುಗು ಮಿಂಚಿಗೆ ಹೆದರಿ ಮೂರು ವಾರ ಪ್ಲಗ್ ಕಿತ್ತಿಟ್ಟಿದ್ದೆ. ನಿನ್ನೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಮುಂದಿನ ಲೈಟ್ ಉರಿಯುತ್ತದೆ, ಮಾನಿಟರ್ ಮಾತ್ರ "ನೋ ಸಿಗ್ನಲ್" ಅಂತ ತೋರಿಸಿ ಮಲಗಿಬಿಡುತ್ತದೆ. ಅಂಗಡಿಗೆ ಫೋನ್ ಮಾಡಿದೆ. ನೋಡದೆಯೇ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಮಗಳ ಕಾಲೇಜ್ ಪ್ರಾಜೆಕ್ಟ್ ಅದರಲ್ಲೇ ಇದೆ.

ಉತ್ತರ:
ಪ್ರಾಜೆಕ್ಟ್‌ಗೆ ಏನೂ ಆಗಿರಲಿಕ್ಕಿಲ್ಲ ಮಾರಾಯ್ರೇ, ಪರದೆ ಬರದಿದ್ದರೆ ಹಾರ್ಡ್ ಡಿಸ್ಕ್ ಹೋಯಿತು ಅಂತಲ್ಲ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ತೆಗೆಯಬಹುದು. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಕೆಲಸ: ಆನ್ ಮಾಡಿ ಒಂದು ನಿಮಿಷ ಬಿಟ್ಟು ಕೀಬೋರ್ಡಿನ ನಮ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರಿದರೆ ಕಂಪ್ಯೂಟರ್ ಎದ್ದಿದೆ, ಚಿತ್ರ ಬರುತ್ತಿಲ್ಲ ಅಷ್ಟೇ. ಆಗ ಕೇಬಲ್, ಪೋರ್ಟ್, ಮಾನಿಟರ್ ನೋಡಬೇಕು. ಲೈಟ್ ಅಲುಗದಿದ್ದರೆ ಅದು ಎದ್ದೇ ಇಲ್ಲ. ಎಷ್ಟೋ ಜನ ಇದನ್ನು ನೋಡದೆ ಸುಮ್ನೆ ಮಾನಿಟರ್ ಬದಲಿಸುತ್ತಾರೆ.

ಪ್ರಶ್ನೆ ಕೇಳಿದವರು:
ನಮ್ ಲಾಕ್ ಅಲುಗುವುದೇ ಇಲ್ಲ. ಅದೇ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಹಾಕಿದೆ, ಮಾನಿಟರ್ ಸರಿ ಇದೆ.

ಉತ್ತರ:
ಹಾಗಾದರೆ ರ‍್ಯಾಮ್‌ನಿಂದ ಶುರು ಮಾಡಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ. ರ‍್ಯಾಮ್ ತೆಗೆದು ಹಳದಿ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ. ರಬ್ಬರ್ ಪುಡಿ ಬೋರ್ಡಿನ ಮೇಲೆ ಬೀಳಬಾರದು, ದೂರ ಹೋಗಿ ಊದಿ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಅಲ್ಲಿ ಪಸೆ ಕೂರುತ್ತದೆ. ಆಮೇಲೆ ಒಂದೇ ರ‍್ಯಾಮ್, ಒಂದೇ ಸ್ಲಾಟ್, ಹೀಗೆ ಬದಲಿಸುತ್ತ ನಾಲ್ಕೂ ರೀತಿ ನೋಡಿ. ಎರಡೂ ಬದಿಯ ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಬೇಕು.

ಕ್ಯಾಬಿನೆಟ್ ಒಳಗೆ ಸಣ್ಣ ಸ್ಪೀಕರ್ ಇದ್ದರೆ, ರ‍್ಯಾಮ್ ಇಲ್ಲದೆಯೂ ಒಮ್ಮೆ ಆನ್ ಮಾಡಿ. ಬೀಪ್ ಬಂದರೆ ಬೋರ್ಡ್, ಪ್ರೊಸೆಸರ್ ಎರಡೂ ಬದುಕಿವೆ.

ಇನ್ನೊಬ್ಬರು:
ನನಗೆ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬ) ಮೇಲೆ ಅನುಮಾನ. ಪ್ರೊಸೆಸರ್ ಹತ್ತಿರದ 4 ಪಿನ್ ವೈರ್ ಸಡಿಲವಾದರೂ ಫ್ಯಾನ್ ತಿರುಗುತ್ತದೆ, ಬೂಟ್ ಆಗಲ್ಲ.

ಪ್ರಶ್ನೆ ಕೇಳಿದವರು:
ಆ ವೈರ್ ಕಿತ್ತು ಮತ್ತೆ ಹಾಕಿದೆ, ವ್ಯತ್ಯಾಸ ಇಲ್ಲ. ಆದರೆ ರ‍್ಯಾಮ್ ಇಲ್ಲದೆ ಆನ್ ಮಾಡಿದಾಗ ಬೀಪ್ ಬಂತು! ರ‍್ಯಾಮ್ ಹಾಕಿದರೆ ಬೀಪ್ ನಿಲ್ಲುತ್ತದೆ. ನಾಲ್ಕೂ ರೀತಿ ನೋಡಿದೆ, ಪರದೆ ಕಪ್ಪೇ.

ಉತ್ತರ:
ಬೋರ್ಡ್ ಸತ್ತಿಲ್ಲ. ಬೀಪ್ ಹೊಡೆಯುವ ಬೋರ್ಡನ್ನು ಎಸೆಯುವ ಮಾತೇ ಬೇಡ. ನೀವು ಮೂರು ವಾರ ಪ್ಲಗ್ ಕಿತ್ತಿದ್ದೆ ಅಂದಿರಿ, ನನಗೆ ಈಗ ಅದೇ ಮುಖ್ಯ ಅನ್ನಿಸುತ್ತಿದೆ. ಪ್ಲಗ್ ಇದ್ದು ಗೋಡೆಯ ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಆಫ್ ಮಾಡಿದ್ದರೂ ಎಸ್‌ಎಂಪಿಎಸ್‌ನಿಂದ 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಿರುತ್ತದೆ, ಬಯೋಸ್ (ಆನ್ ಆದೊಡನೆ ಬೋರ್ಡ್ ಓಡಿಸುವ ಮೊದಲ ಪ್ರೋಗ್ರಾಂ) ಸೆಟ್ಟಿಂಗ್ ಉಳಿಯುತ್ತದೆ. ಪ್ಲಗ್ ಕಿತ್ತರೆ ಆ ಭಾರವೆಲ್ಲ ಬೋರ್ಡಿನ ಬಟನ್ ಬ್ಯಾಟರಿ ಮೇಲೆ. ಅದು ಮುದಿಯಾಗಿದ್ದರೆ ಸೆಟ್ಟಿಂಗ್ ಅರ್ಧಂಬರ್ಧ ಕೆಟ್ಟು ಬೋರ್ಡ್ ನಡುವೆಯೇ ನಿಂತುಬಿಡಬಹುದು.

ಸಿಆರ್2032 ಅಂತ ಬರೆದ ದುಂಡು ಬ್ಯಾಟರಿ ತೆಗೆಯಿರಿ. ಮಲ್ಟಿಮೀಟರ್ ಇದ್ದರೆ ಅಳೆಯಿರಿ, 3 ವೋಲ್ಟ್ ಹತ್ತಿರ ಇರಬೇಕು. ಪ್ಲಗ್ ಕಿತ್ತೇ ಇರಲಿ, ಹತ್ತು ನಿಮಿಷ ಬಿಟ್ಟು ಹೊಸದು ಹಾಕಿ, ಬರಹ ಮೇಲೆ ಬರುವ ಹಾಗೆ. ಆಮೇಲೂ ಬರದಿದ್ದರೆ ಎಸ್‌ಎಂಪಿಎಸ್ ಬದಲಿಸಿ ನೋಡೋಣ.

ಪ್ರಶ್ನೆ ಕೇಳಿದವರು:
ಬಂತು! ಹಳೇ ಬ್ಯಾಟರಿ 2.1 ವೋಲ್ಟ್ ಇತ್ತು. ಹೊಸದಕ್ಕೆ 40 ರೂಪಾಯಿ. ಮೊದಲು ಎಫ್1 ಒತ್ತಿ ಅಂತ ಕೇಳಿತು, ಆಮೇಲೆ ವಿಂಡೋಸ್ ಬಂತು. ಈಗ ಬ್ರೌಸರ್‌ನಲ್ಲಿ ಯಾವ ಪುಟ ತೆರೆದರೂ "ಸುರಕ್ಷಿತವಲ್ಲ" ಅನ್ನುತ್ತಿದೆ. ವೈರಸ್ಸಾ?

ಉತ್ತರ:
ಬ್ಯಾಟರಿ ತೆಗೆದಾಗ ಗಡಿಯಾರವೂ ಹಿಂದಕ್ಕೆ ಹೋಗಿರಬಹುದು, ತಾರೀಖು ತಪ್ಪಿದ್ದರೆ ಬ್ರೌಸರ್ ಪುಟಗಳನ್ನು ನಂಬುವುದಿಲ್ಲ. ಕೆಳಗೆ ಬಲಗಡೆ ತಾರೀಖು ನೋಡಿ.

ಪ್ರಶ್ನೆ ಕೇಳಿದವರು:
2013 ಜನವರಿ 1! ಸರಿ ಮಾಡಿದೆ, ಪುಟಗಳು ತೆರೆದವು. ಮಗಳು ಪೆನ್‌ಡ್ರೈವ್‌ಗೆ ಪ್ರಾಜೆಕ್ಟ್ ಕಾಪಿ ಹಾಕಿಕೊಂಡಳು.