ದೊಡ್ಡಪ್ಪನ ತಾಳಮದ್ದಳೆ ಕ್ಯಾಸೆಟ್ಟುಗಳು: ಪವರ್ ಫಿಲ್ಟರ್ ಹಾಕಿದ ಮೇಲೆ ಗುಂಯ್ ಸದ್ದು ಹೆಚ್ಚಾಗಿದೆ

ಟೀಚರ್_ಪೆರ್ಲ

ಎಲ್ಲರಿಗೂ ನಮಸ್ಕಾರ. ಪೆರ್ಲದ ಹತ್ತಿರ ಅಡಿಕೆ ತೋಟದ ನಡುವೆ ನಮ್ಮ ಹಳೆಯ ಹೆಂಚಿನ ಮನೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ವಿದ್ಯುತ್ತಿನ ವಿಷಯದಲ್ಲಿ ಪುಸ್ತಕದ ತಿಳಿವಳಿಕೆ ಇದೆ, ಕೈಯ ಅನುಭವ ಇಲ್ಲ.

ನನ್ನ ದೊಡ್ಡಪ್ಪ ಅರ್ಥಧಾರಿಯಾಗಿದ್ದರು, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರದ ಮಾತು ಹೇಳುವವರು. ಪ್ರತಿ ವರ್ಷ ಆಟಿ ತಿಂಗಳಲ್ಲಿ ನಮ್ಮ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. 1984ರಿಂದ 1996ರ ವರೆಗಿನ ಕೂಟಗಳ 43 ಕ್ಯಾಸೆಟ್ಟುಗಳು ಮರದ ಪೆಟ್ಟಿಗೆಯಲ್ಲಿವೆ. ಅರ್ಧಕ್ಕೂ ಹೆಚ್ಚಿನವು ಬೂಷ್ಟು ಹಿಡಿದಿವೆ. ಒರೆಸಿ ಹಾಕಿದರೂ ಒಂದೆರಡು ಬಾರಿಗಿಂತ ಹೆಚ್ಚು ಓಡಿಸಲು ನನಗೆ ಧೈರ್ಯವಿಲ್ಲ. ಆದ್ದರಿಂದ ಕಂಪ್ಯೂಟರಿಗೆ ಇಳಿಸುವಾಗ ಒಂದೇ ಸಲಕ್ಕೆ ಸರಿಯಾಗಿ ಬರಬೇಕು. ಹನ್ನೊಂದನ್ನು ಇಳಿಸಿ ನಿಲ್ಲಿಸಿದ್ದೇನೆ, ಕಾರಣ ಈ ಸದ್ದು.

ಹಳೆಯ ಆಂಪ್ಲಿಫೈಯರ್, ಅದರ ಮೇಲೆ ಕ್ಯಾಸೆಟ್ ಡೆಕ್, ಪಕ್ಕದಲ್ಲಿ ಲ್ಯಾಪ್‌ಟಾಪ್ ಮತ್ತು ಅದಕ್ಕೆ ಸಿಕ್ಕಿಸುವ ಸೌಂಡ್ ಕಾರ್ಡ್, ಎಲ್ಲವೂ ಒಂದೇ ಕಪಾಟಿನಲ್ಲಿವೆ. ಸ್ವಿಚ್ ಹಾಕಿದ ಕ್ಷಣದಿಂದ ಹಿಂದೆ ಗುಂಯ್ ಎನ್ನುತ್ತಿರುತ್ತದೆ. ಪದ್ಯ ನಡೆಯುವಾಗ ಚೆಂಡೆ ಮದ್ದಳೆಗಳ ನಡುವೆ ಅದು ಮುಚ್ಚಿಹೋಗುತ್ತದೆ. ಆದರೆ ದೊಡ್ಡಪ್ಪ ಒಂದು ಮಾತು ಹೇಳಿ, ಎದುರಾಳಿ ಉತ್ತರ ಯೋಚಿಸಲೆಂದು ಸುಮ್ಮನಾಗುತ್ತಿದ್ದರಲ್ಲ, ಆ ಜಾಗದಲ್ಲೆಲ್ಲ ಈ ಸದ್ದೇ ತುಂಬಿಕೊಂಡಿದೆ. ಹಾರ್ಮೋನಿಯಂ ಇಟ್ಟು ನೋಡಿದೆ. ಕೆಳಗಿನ ಸಪ್ತಕದ ಬಿಳಿ ಐದಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಭಾಗವತರು ಕಪ್ಪು ಮೂರರಲ್ಲಿ ಹಾಡಿದ ಕೂಟಗಳಲ್ಲಿ ಅದು ಶ್ರುತಿಯನ್ನು ಉಜ್ಜಿದಂತೆ ಕೇಳಿಸಿ ಎದೆ ಉರಿಯುತ್ತದೆ.

ನಮ್ಮದು ಲೈನಿನ ಕೊನೆಯ ಮನೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿಯುವುದುಂಟು. ಅದಕ್ಕೆ ಮೊದಲು ಸ್ಟೆಬಿಲೈಸರ್ ತಂದೆ, ಸದ್ದು ಹಾಗೆಯೇ ಉಳಿಯಿತು. ಆಮೇಲೆ ಮಂಗಳೂರಿನ ಒಂದು ಅಂಗಡಿಯಿಂದ 8,500 ರೂಪಾಯಿ ಕೊಟ್ಟು ಆರು ಪ್ಲಗ್ಗುಗಳ ಪವರ್ ಫಿಲ್ಟರ್ ತಂದೆ. ಅದನ್ನು ಹಾಕಿದ ದಿನದಿಂದ ಸದ್ದು ಇನ್ನೂ ಒರಟಾಗಿದೆ. ಆಂಪ್ಲಿಫೈಯರಿನ ಲೋಹದ ಅಂಚಿಗೆ ಮೊಣಕೈ ತಾಗಿದರೆ ಜುಮ್ಮೆನ್ನುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಶುರುವಾದರೆ ಜೀರುಂಡೆ ಹೊಕ್ಕಂತೆ ಕೇಳುತ್ತದೆ. ತೋಟದ ಪಂಪು ಚಾಲೂ ಆದಾಗ ಸ್ಪೀಕರಿನಲ್ಲಿ ಟಪ್ ಎಂಬ ಸದ್ದು ಬರುತ್ತದೆ.

ವಿದ್ಯುತ್ತನ್ನೇ ಹೊಸದಾಗಿ ತಯಾರಿಸಿ ಕೊಡುವ ಪೆಟ್ಟಿಗೆಯೊಂದಿದೆ, ಲಕ್ಷಕ್ಕಿಂತ ಮೇಲಾಗುತ್ತದೆ, ಅದನ್ನು ಹಾಕಿದರೆ ಸರಿಯಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಪಿಂಚಣಿಯಲ್ಲಿ ಉಳಿಸಿದ ಹಣ ಇದೆ. ಈ ಕೆಲಸಕ್ಕೆ ಬೇಕೇ ಆದರೆ ಖರ್ಚು ಮಾಡುತ್ತೇನೆ. ತಿಳಿದವರು ಹೇಳಿ.


ವಯರಿಂಗ್_ಮುಳ್ಳೇರಿಯ

ಟೀಚರೇ, ಮೊದಲು ಎದ್ದು ಹೋಗಿ ಆ ಫಿಲ್ಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಉಳಿದದ್ದನ್ನು ಆಮೇಲೆ ಓದಿ.

ಇಪ್ಪತ್ತಾರು ವರ್ಷಗಳಿಂದ ನಾನು ಮನೆ ವಯರಿಂಗ್ ಮಾಡುತ್ತಿದ್ದೇನೆ. ನಿಮ್ಮ ಚಾವಡಿಯ ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೆ ಅರ್ತಿಂಗ್ ತಂತಿಯೇ ಬಂದಿಲ್ಲ ಎಂದು ನನಗೆ ಬಲವಾದ ಅನುಮಾನ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಎರಡೇ ತಂತಿ ಎಳೆದಿರುತ್ತಾರೆ. ಮುಂದೆ ಯಾರೋ ಎರಡು ತೂತಿನ ಪ್ಲಗ್ ತೆಗೆದು ಮೂರು ತೂತಿನದು ಹಾಕಿಬಿಡುತ್ತಾರೆ. ನೋಡಲು ಸರಿಯಾಗಿರುತ್ತದೆ, ಹಿಂದೆ ಏನೂ ಇರುವುದಿಲ್ಲ.

ಫಿಲ್ಟರ್ ಹಾಕಿದ ಮೇಲೆ ಜುಮ್ಮೆನ್ನಲು ಕಾರಣ ಹೀಗಿದೆ. ಅದರೊಳಗೆ ಫೇಸ್‌ನಿಂದ ಅರ್ತಿಂಗಿಗೆ ಒಂದು, ನ್ಯೂಟ್ರಲ್‌ನಿಂದ ಅರ್ತಿಂಗಿಗೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ತಂತಿಯಲ್ಲಿ ಬಂದ ಹೆಚ್ಚಿನ ಆವರ್ತನದ ಗಲೀಜನ್ನು ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ಇಳಿಯಲು ನೆಲವೇ ಇಲ್ಲದಿದ್ದರೆ ಎರಡು ಕೆಪಾಸಿಟರುಗಳ ನಡುವಿನ ಬಿಂದು 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ಕುಳಿತುಕೊಳ್ಳುತ್ತದೆ. ಆ ಬಿಂದು ನಿಮ್ಮ ಆರೂ ಪ್ಲಗ್ಗುಗಳ ಅರ್ತ್ ಪಿನ್ನಿಗೆ ಸೇರಿದೆ, ಅಲ್ಲಿಂದ ಆಂಪ್ಲಿಫೈಯರಿನ ಮೈಗೆ. ಗಣಿತದ ಟೀಚರ್ ಆದ್ದರಿಂದ ಲೆಕ್ಕವನ್ನೂ ಹೇಳುತ್ತೇನೆ: 4.7 ನ್ಯಾನೋಫ್ಯಾರಡ್‌ನ ಕೆಪಾಸಿಟರಿಗೆ 230 ವೋಲ್ಟ್, 50 ಹರ್ಟ್ಜ್ ಕೊಟ್ಟರೆ ಹರಿಯುವುದು ಸುಮಾರು 0.34 ಮಿಲಿಆಂಪಿಯರ್. ಅಷ್ಟರಿಂದಲೇ ಜೀವಕ್ಕೆ ಅಪಾಯವಿಲ್ಲ. ಆದರೆ ಅದೇ ಕರೆಂಟು ದಾರಿ ಹುಡುಕುತ್ತಾ ನಿಮ್ಮ ಆಡಿಯೋ ವಯರಿನ ಹೊರಗಿನ ಜಾಲರಿಯ ಮೂಲಕ ಹರಿಯುತ್ತದೆ. ಸದ್ದು ಒರಟಾದದ್ದು ಅದರಿಂದ. ಇನ್ನು ಯಾವುದಾದರೂ ಉಪಕರಣದ ಒಳಗಿನ ಇನ್ಸುಲೇಶನ್ ಕೆಟ್ಟು ಫೇಸ್ ನೇರವಾಗಿ ಮೈಗೆ ತಾಗಿದರೆ, ಅರ್ತಿಂಗ್ ಇಲ್ಲದ ಕಡೆ ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚಾದ ಇಎಲ್‌ಸಿಬಿ ಬೀಳುವುದು ಮನುಷ್ಯ ಮುಟ್ಟಿದ ಮೇಲೆಯೇ. ನನಗೆ ಹೆದರಿಕೆ ಇರುವುದು ಅದರ ಬಗ್ಗೆ.

ವಯರಿಂಗ್ ಕೆಲಸದವರನ್ನು ಕರೆಸಿ ಫೇಸ್ ಮತ್ತು ಅರ್ತಿಂಗ್ ನಡುವೆ ಟೆಸ್ಟ್ ಬಲ್ಬ್ ಹಿಡಿಸಿ. ಪೂರ್ತಿ ಉರಿದರೆ, ಅಥವಾ ತಕ್ಷಣ ಇಎಲ್‌ಸಿಬಿ ಬಿದ್ದರೆ, ಅರ್ತಿಂಗ್ ಇದೆ. ಎರಡೂ ಆಗದಿದ್ದರೆ ಇಲ್ಲ. ಬರಿಯ ಮೀಟರನ್ನು ನಂಬಬೇಡಿ. ಡಿಜಿಟಲ್ ಮೀಟರ್ ಎಲ್ಲಿಂದಲೋ ಬಂದ ಸೋರಿಕೆಗೂ ನೂರು ವೋಲ್ಟ್ ತೋರಿಸುತ್ತದೆ.

ಅರ್ತಿಂಗ್ ಗುಂಡಿಯನ್ನೂ ನೋಡಿಸಿ. ನಮ್ಮ ಮುರಕಲ್ಲಿನ ಗುಡ್ಡೆ ಮಾರ್ಚಿ ಬಂತೆಂದರೆ ಒಣಗಿ ಬಣಬಣ ಎನ್ನುತ್ತದೆ. ಅಂಥ ಕಡೆ ನೆಟ್ಟ ಪೈಪು ಕರೆಂಟನ್ನು ಒಯ್ಯುವುದಿಲ್ಲ. ಬಚ್ಚಲಿನ ನೀರು ಹೋಗುವ ಜಾಗದ ಹತ್ತಿರ, ಬಾವಿಯಿಂದಲೂ ನೀರಿನ ಸುರಂಗದಿಂದಲೂ ದೂರದಲ್ಲಿ, ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬಿಸಿ ಬೇಸಿಗೆಯಲ್ಲಿ ನೀರು ಹೊಯ್ಯುತ್ತಿರಬೇಕು. ಆಡಿಯೋಗೆ ಮಾತ್ರ ಬೇರೆ ಅರ್ತಿಂಗ್ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದೇ ಮನೆಯಲ್ಲಿ ಜೋಡಿಸದ ಎರಡು ಅರ್ತಿಂಗ್ ಇರಬಾರದು. ಸಿಡಿಲಿನ ಹೊತ್ತಿಗೆ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು.


ಹೊಸಂಗಡಿ_ಫ್ಲಾಟ್

ಫಿಲ್ಟರುಗಳೇ ಮೋಸ ಎಂದು ಯಾರೂ ತಿಳಿಯಬಾರದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ನಮ್ಮದು ಹೊಸ ಕಟ್ಟಡ, ಅರ್ತಿಂಗ್ ಸರಿಯಿದೆ. ಫ್ರಿಜ್ ಚಾಲೂ ಆದಾಗಲೆಲ್ಲ ಸ್ಪೀಕರಿನಲ್ಲಿ ಬರುತ್ತಿದ್ದ ಚಟ್ ಎಂಬ ಸದ್ದು ಇಂಥದೇ ಫಿಲ್ಟರಿನಿಂದ ಪೂರ್ತಿ ನಿಂತಿದೆ. ಹಳೆಯ ಫ್ಯಾನ್ ರೆಗ್ಯುಲೇಟರ್ ಬದಲಾಯಿಸಿದ ಮೇಲೆ ಉಳಿದ ಕಿರಿಕಿರಿಯೂ ಹೋಯಿತು.


ಶ್ರುತಿಪೆಟ್ಟಿಗೆ_ನೀರ್ಚಾಲು

ಮುಳ್ಳೇರಿಯದ ಅಣ್ಣ ಹೇಳಿದ್ದನ್ನು ಮೊದಲು ಮಾಡಿಸಿ ಟೀಚರೇ. ನಾನು ಯಕ್ಷಗಾನದ ಧ್ವನಿಮುದ್ರಣ ಮಾಡುವವನು. ನನ್ನ ಮಾತು ಆ ಕೆಲಸ ಮುಗಿದ ಮೇಲಿನದು.

ಬಿಳಿ ಐದು 98 ಹರ್ಟ್ಜ್, ನಿಮ್ಮ ಸದ್ದು 100. ನೀವು ಕಿವಿಯಿಂದ ಹಿಡಿದದ್ದು ನಿಖರವಾಗಿದೆ. ಆದರೆ 50, 100, 200 ಎಲ್ಲವೂ ಒಂದೇ ಸ್ವರದ ಬೇರೆ ಬೇರೆ ಸಪ್ತಕಗಳು, 150 ಅದರ ಪಂಚಮ. ಹಾಗಾಗಿ ಸ್ವರ ನೋಡಿ ಮೂಲ ಹೇಳಲಾಗುವುದಿಲ್ಲ, ನಾದದ ಗುಣ ನೋಡಬೇಕು. ಮೆತ್ತಗಿನ ಗುಂಯ್ ಸಾಮಾನ್ಯವಾಗಿ ಕಾಂತಕ್ಷೇತ್ರದಿಂದ ಅಥವಾ ಅರ್ತಿಂಗಿನ ಸುತ್ತಿನಿಂದ (ಎರಡು ಉಪಕರಣಗಳು ಅರ್ತಿಂಗ್ ಮತ್ತು ಆಡಿಯೋ ವಯರು ಎರಡರ ಮೂಲಕವೂ ಜೋಡಿಯಾಗಿ ಆಗುವ ಸುತ್ತು) ಬರುತ್ತದೆ. ಗರಗರ ಎನ್ನುವುದು ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರಿನ, ಇಲ್ಲವೇ ಒಣಗಿದ ಫಿಲ್ಟರ್ ಕೆಪಾಸಿಟರಿನ ಲಕ್ಷಣ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆಂಪ್ಲಿಫೈಯರಿನ ಮೇಲೆ ಡೆಕ್ ಎಂಬ ಮಾತು. ಕ್ಯಾಸೆಟ್ಟಿನ ಹೆಡ್ ಎಂದರೆ ಕಾಂತಕ್ಷೇತ್ರವನ್ನು ಹಿಡಿಯಲೆಂದೇ ಮಾಡಿದ ಸುರುಳಿ. ಅದರ ಕೆಳಗೆ ಒಂದು ಗೇಣಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ! ಗಾಳಿಯ ಮೂಲಕ ಹೆಡ್ಡಿಗೆ ಬರುವುದನ್ನು ಗೋಡೆಯ ಪ್ಲಗ್ಗಿಗೆ ಹಾಕಿದ ಯಾವ ಪೆಟ್ಟಿಗೆಯೂ ತಡೆಯಲಾರದು, ಅದರ ಬೆಲೆ ಎಷ್ಟೇ ಇರಲಿ. ಡೆಕ್ಕನ್ನು ಬೇರೆ ಮೇಜಿಗೆ ಸರಿಸಿ, ಒಂದು ಸಲ ತಿರುಗಿಸಿಯೂ ನೋಡಿ.

ಆಮೇಲೆ ಎಲ್ಲ ವಯರುಗಳನ್ನೂ ಬಿಡಿಸಿ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಮಾತ್ರ ಇಟ್ಟು ಕೇಳಿ. ಸದ್ದು ಇಲ್ಲದಿದ್ದರೆ ಡೆಕ್ ಸೇರಿಸಿ, ಆಮೇಲೆ ಲ್ಯಾಪ್‌ಟಾಪ್. ಯಾವುದನ್ನು ಸೇರಿಸಿದಾಗ ಬಂತೋ ಅಲ್ಲೇ ಮೂಲ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲೇ ಓಡಿಸಿ. ಮುದ್ರಣ ಮಾಡುವಾಗ ಆಂಪ್ಲಿಫೈಯರ್ ಬೇಕಾಗಿಯೇ ಇಲ್ಲ, ಡೆಕ್ಕಿನಿಂದ ನೇರವಾಗಿ ಸೌಂಡ್ ಕಾರ್ಡಿಗೆ ಕೊಟ್ಟು ಹೆಡ್‌ಫೋನಿನಲ್ಲಿ ಕೇಳಬಹುದು. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಮುರಿಯಿರಿ ಎಂಬ ಸಲಹೆ ಅಂತರ್ಜಾಲದಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಅದನ್ನು ಎಂದಿಗೂ ಮಾಡಬೇಡಿ.

ಸ್ಟೆಬಿಲೈಸರ್ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ ಅಷ್ಟೇ, ಶುದ್ಧ ಮಾಡುವುದಿಲ್ಲ. ಅದರ ರಿಲೇ ಬದಲಾಗುವಾಗಿನ ಟಿಕ್ ಸದ್ದು ಮುದ್ರಣಕ್ಕೆ ಸೇರಲೂಬಹುದು. ಇನ್ವರ್ಟರ್ ಹಳೆಯದಾದರೆ ಚೌಕ ಅಲೆಯದ್ದಿರಬೇಕು. ಅದು ಚಾಲೂ ಇರುವಾಗ ಮುದ್ರಣ ಬೇಡ. ಲಕ್ಷದ ಪೆಟ್ಟಿಗೆಯೂ ಬೇಡ. ಅದು ಮಾಡುವ ಕೆಲಸ ನಿಜವೇ, ಆದರೆ ನಿಮ್ಮ ತೊಂದರೆ ಅದಲ್ಲ.


ಟೀಚರ್_ಪೆರ್ಲ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಪ್ಲಗ್ ಬಿಚ್ಚಿದಾಗ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ತಿರುಪು ಹೊಸದರಂತೆ ಹೊಳೆಯುತ್ತಿತ್ತು. ಅಡುಗೆಮನೆಗೆ ಅರ್ತಿಂಗ್ ಇತ್ತು, ಚಾವಡಿಗೆ ಇರಲಿಲ್ಲ. ಎಷ್ಟು ವರ್ಷ ಮೊಮ್ಮಕ್ಕಳು ಅಲ್ಲೇ ಆಡಿದ್ದಾರೆ ಎಂದು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಬಚ್ಚಲಿನ ಹಿಂದೆ ಬಾಳೆಗಿಡಗಳ ಪಕ್ಕ ಹೊಸ ಗುಂಡಿಯಾಗಿದೆ. ಹಳೆಯದನ್ನೂ ಅದಕ್ಕೆ ಜೋಡಿಸಿದ್ದಾರೆ. ಚಾವಡಿಗೂ ಕೋಣೆಗಳಿಗೂ ಹಸಿರು ತಂತಿ ಎಳೆಸಿದೆ. ಜುಮ್ಮೆನ್ನುವುದು ಪೂರ್ತಿ ನಿಂತಿದೆ. ಅದೇ ಫಿಲ್ಟರನ್ನು ಮತ್ತೆ ಹಾಕಿದೆ. ಪಂಪು ಹಾಕಿದಾಗಿನ ಟಪ್ ಸದ್ದೂ ಈಗ ಇಲ್ಲ.

ಡೆಕ್ಕನ್ನು ನಾಲ್ಕು ಅಡಿ ದೂರದ ಮೇಜಿಗೆ ಸರಿಸಿದ ಕೂಡಲೇ ಗುಂಯ್ ಸದ್ದು ಮುಕ್ಕಾಲುಪಾಲು ಹೋಯಿತು. ಉಳಿದದ್ದು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಾಗ ಹೋಯಿತು. ಇಷ್ಟು ಸರಳವೆಂದು ಎಣಿಸಿರಲಿಲ್ಲ. ಮುಳ್ಳೇರಿಯದ ಅಣ್ಣನಿಗೆ ನಾನು ಎಷ್ಟು ಋಣಿ ಎಂದು ಬರೆದು ಮುಗಿಸಲಾರೆ.

ಒಂದು ಸಂಶಯ ಉಳಿದಿದೆ. ಕ್ಯಾಸೆಟ್ ಓಡದಿರುವಾಗ ಈಗ ಪೂರ್ಣ ನಿಶ್ಶಬ್ದ. ಓಡಿಸಿದರೆ ಕೆಲವು ಕ್ಯಾಸೆಟ್ಟುಗಳಲ್ಲಿ ಮಾತ್ರ ಸಣ್ಣದಾಗಿ ಗುಂಯ್ ಇದೆ.


ಶ್ರುತಿಪೆಟ್ಟಿಗೆ_ನೀರ್ಚಾಲು

ಅದು ಅಂದಿನ ಟೇಪ್‌ರೆಕಾರ್ಡರ್ ನಿಮ್ಮ ಚಾವಡಿಯ ಕರೆಂಟಿನಿಂದ ಎಳೆದುಕೊಂಡ ಸದ್ದು. ಟೇಪಿನ ಮೇಲೆಯೇ ಬರೆದುಹೋಗಿದೆ. ಅದನ್ನು ಕೂಡಲೇ ಅಳಿಸಬೇಡಿ, ಅದರಿಂದ ಉಪಯೋಗವಿದೆ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಮಾತಿಲ್ಲದ ಭಾಗವನ್ನು ಆರಿಸಿ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ, ನೋಡಿ. ಗುಂಯ್ ಸದ್ದು ಕರೆಂಟಿನ ಆವರ್ತನವಾದ 50ರ ಬದಲು 51.5ರಲ್ಲಿ ನಿಂತಿದ್ದರೆ ಟೇಪು ಸುಮಾರು ನೂರಕ್ಕೆ ಮೂರರಷ್ಟು ವೇಗವಾಗಿ ಓಡುತ್ತಿದೆ ಎಂದು ಊಹಿಸಬಹುದು, ಅಂದರೆ ಸುಮಾರು ಅರ್ಧ ಸ್ವರಸ್ಥಾನ ಮೇಲೆ. ದೊಡ್ಡಪ್ಪನವರ ಕಂಠವೂ ಅಷ್ಟು ತೆಳುವಾಗಿರುತ್ತದೆ.

ಆದರೆ ಅದೊಂದನ್ನೇ ನಂಬುವಂತಿಲ್ಲ. ನಮ್ಮ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಸಂಜೆಯ ಹೊರೆಗೆ ಆವರ್ತನ 49ಕ್ಕಿಂತ ಕೆಳಗೆ ಇಳಿಯುತ್ತಿದ್ದುದು ಸಾಮಾನ್ಯ. ಆದ್ದರಿಂದ ಕೂಟದ ಶ್ರುತಿಪೆಟ್ಟಿಗೆ ನಿಮ್ಮ ಮನೆಯಲ್ಲೇ ಉಳಿದಿದ್ದರೆ ಅದರ ಸ್ವರವನ್ನು ಇದರ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ವೇಗ ತಿದ್ದಿ.


ಟೀಚರ್_ಪೆರ್ಲ

ಶ್ರುತಿಪೆಟ್ಟಿಗೆ ಅಟ್ಟದಲ್ಲಿತ್ತು. ತಿದಿ ಹರಿದಿದೆ, ಆದರೂ ಬೆರಳಿನಿಂದ ಒತ್ತಿ ಹಿಡಿದರೆ ಸ್ವರ ಹೊರಡುತ್ತದೆ. 1989ರ ಮೂರು ಕ್ಯಾಸೆಟ್ಟುಗಳೂ ವೇಗವಾಗಿಯೇ ಓಡುತ್ತಿದ್ದವು. ತಿದ್ದಿ ಕೇಳಿಸಿದಾಗ ದೊಡ್ಡಮ್ಮ ಕೆಲಸ ಬಿಟ್ಟು ಬಂದು, ಈಗ ಅವರ ಸ್ವರ ಸರಿಯಾಯಿತು ಎಂದರು. ಅವರಿಗೆ 86 ವರ್ಷ. ತಿದ್ದಿದ ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ.

1991ರ ಒಂದರಲ್ಲಿ ಕರ್ಣನ ಮಾತಿನ ನಡುವೆ ಗುಂಯ್ ಸದ್ದು ಥಟ್ಟನೆ ನಿಂತುಬಿಡುತ್ತದೆ. ಕರೆಂಟು ಹೋಗಿರಬೇಕು, ರೆಕಾರ್ಡರಿಗೆ ಸೆಲ್ಲು ಹಾಕಿದ್ದರಿಂದ ಓಡುತ್ತಲೇ ಇದೆ. ದೊಡ್ಡಪ್ಪ ಮಾತು ನಿಲ್ಲಿಸಿಲ್ಲ. ಒಂದು ನಿಮಿಷದ ನಂತರ ಯಾರೋ ಗ್ಯಾಸ್‌ಲೈಟಿಗೆ ಗಾಳಿ ಹೊಡೆಯುವುದು ಕೇಳುತ್ತದೆ, ಆಮೇಲೆ ಅದರ ಸುಯ್ಯೆಂಬ ಸದ್ದು, ಹಿಂದೆ ಹೆಂಚಿನ ಮೇಲೆ ಮಳೆ. ಆ ಕ್ಯಾಸೆಟ್ಟಿನಿಂದ ಏನನ್ನೂ ತೆಗೆಯದೆ ಹಾಗೆಯೇ ಇಟ್ಟಿದ್ದೇನೆ.

ಇನ್ನು 27 ಉಳಿದಿವೆ. ಒಂದರ ಒಳಗಿನ ಒತ್ತುವ ಫೆಲ್ಟ್ ತುಂಡು ಬಿದ್ದುಹೋಗಿದೆ. ಅದನ್ನು ಬೇರೆ ಪ್ರಶ್ನೆಯಾಗಿ ಹಾಕುತ್ತೇನೆ.